ಜಕಾರ್ತಾಕ್ಕೆ ಬಾರದ ಎರಡು ತಂಡಗಳು ಮತ್ತು 1962ರ ಚಿನ್ನ

2023ರ ಸೆಪ್ಟೆಂಬರ್ 19ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ತನ್ನ ಮೊದಲ ಫುಟ್‌ಬಾಲ್ ಪಂದ್ಯದಲ್ಲಿ ಭಾರತ ಚೀನಾದೆದುರು 1–5 ಗೋಲುಗಳಿಂದ ಸೋತಿತು. ತಂಡ ಚೀನಾಕ್ಕೆ ಬಂದಿಳಿದದ್ದು ಅದರ ಹಿಂದಿನ ದಿನವಷ್ಟೇ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯಲ್ಲಿ ನಾವು ವರ್ಷಗಟ್ಟಲೆ ನೋಡಿ ಬೆಳೆದ ಸುನಿಲ್ ಛೆಟ್ರಿ, ತಮ್ಮ 39ನೆಯ ವಯಸ್ಸಿನಲ್ಲಿ, ಸರಿಯಾಗಿ ಒಟ್ಟಿಗೆ ಅಭ್ಯಾಸವನ್ನೂ ಮಾಡಿರದ ಆ ಹುಡುಗರನ್ನು ಮುನ್ನಡೆಸುತ್ತಿದ್ದುದನ್ನು ಕಂಡು ನನಗೆ ಬಹಳ ಸಂಕಟವಾಯಿತು. ಪಂದ್ಯ ಮುಗಿದ ಮೇಲೆ, ಇಂಥ ಪ್ರತಿ ಸೋಲಿನ ನಂತರವೂ ಕೇಳಿಬರುವ ಮಾತು ಗೆಳೆಯರ ನಡುವೆ ಮತ್ತೆ ಬಂತು: ಇದೇ ಕೂಟದಲ್ಲಿ ನಾವು 1962ರಲ್ಲಿ ಚಿನ್ನ ಗೆದ್ದವರು.

ಆ ಮಾತು ನಿಜ. ಆದರೆ ಆ ಇಸವಿಯನ್ನು ಹೇಳುವ ನಾವು ಆ ಪಂದ್ಯಾವಳಿಯ ಕಥೆಯನ್ನು ಹೇಳುವುದಿಲ್ಲ. ಹೇಳಿದರೂ ಫೈನಲ್‌ನ 2–1 ಎಂಬ ಅಂಕಿಯಲ್ಲಿ ನಿಲ್ಲಿಸುತ್ತೇವೆ. ನನ್ನ ಮಟ್ಟಿಗೆ ಆ ಚಿನ್ನವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಜಕಾರ್ತಾದಲ್ಲಿ ಆಡಿದ ತಂಡಗಳ ಜೊತೆಗೆ ಅಲ್ಲಿಗೆ ಬರಲಾಗದೆ ಹೋದ ಎರಡು ತಂಡಗಳನ್ನೂ ನೆನೆಯಬೇಕು.

ನಾಲ್ಕನೆಯ ಏಷ್ಯನ್ ಕ್ರೀಡಾಕೂಟ 1962ರ ಆಗಸ್ಟ್ 24ರಿಂದ ಸೆಪ್ಟೆಂಬರ್ 4ರವರೆಗೆ ನಡೆಯಿತು. ಅಧ್ಯಕ್ಷ ಸುಕರ್ಣೋ ಅವರ ಪಾಲಿಗೆ ಅದು ಹೊಸ ಇಂಡೊನೇಷ್ಯಾವನ್ನು ಜಗತ್ತಿಗೆ ತೋರಿಸುವ ಸಂದರ್ಭವಾಗಿತ್ತು. ಸೋವಿಯತ್ ಒಕ್ಕೂಟದ ಸಾಲದ ನೆರವಿನಿಂದ ಜಕಾರ್ತಾದ ಸೆನಯನ್‌ನಲ್ಲಿ ಸುಮಾರು ಒಂದು ಲಕ್ಷ ಜನ ಕೂರಬಹುದಾದ ಬೃಹತ್ ಕ್ರೀಡಾಂಗಣ ಎದ್ದು ನಿಂತಿತ್ತು. ಆದರೆ ಅರಬ್ ರಾಷ್ಟ್ರಗಳ ಮತ್ತು ಚೀನಾದ ಒತ್ತಡಕ್ಕೆ ಮಣಿದ ಇಂಡೊನೇಷ್ಯಾ ಸರ್ಕಾರ ಇಸ್ರೇಲ್ ಹಾಗೂ ತೈವಾನ್‌ನ ಕ್ರೀಡಾಪಟುಗಳಿಗೆ ವೀಸಾ ಕೊಡಲಿಲ್ಲ. ಫುಟ್‌ಬಾಲ್ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. 1954ರಲ್ಲಿ ಮನಿಲಾದಲ್ಲಿಯೂ 1958ರಲ್ಲಿ ಟೋಕಿಯೊದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನವನ್ನು ಗೆದ್ದದ್ದು ಇದೇ ತೈವಾನ್, ಎರಡು ಬಾರಿಯೂ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ. ಇಸ್ರೇಲ್ ಮೊದಲ ಎರಡೂ ಏಷ್ಯಾ ಕಪ್‌ಗಳಲ್ಲಿ ಎರಡನೆಯ ಸ್ಥಾನ ಪಡೆದಿತ್ತು. ಹಾಲಿ ಚಾಂಪಿಯನ್ ತಂಡವೇ ಇಲ್ಲದ ಕಣದಲ್ಲಿ ನಾವು ಚಿನ್ನ ಗೆದ್ದೆವು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಹಿಂಜರಿಕೆಯಿಲ್ಲ. ಏಕೆಂದರೆ ಅದೇ ಗೈರುಹಾಜರಿ ಮುಂದೆ ಭಾರತದ ಆಟಗಾರರ ಮೇಲೆ ಹೇಗೆ ಎರಗಿತು ಎಂಬುದು ಕಥೆಯ ಇನ್ನೊಂದು ಅರ್ಧ.

ಎಂಟು ತಂಡಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಭಾರತದ ಗುಂಪಿನಲ್ಲಿ ದಕ್ಷಿಣ ಕೊರಿಯಾ, ಥಾಯ್ಲೆಂಡ್ ಮತ್ತು ಜಪಾನ್ ಇದ್ದವು. ಮೊದಲ ಪಂದ್ಯದಲ್ಲಿಯೇ ಕೊರಿಯಾ ನಮ್ಮನ್ನು 2–0ಯಿಂದ ಸೋಲಿಸಿತು. ಆ ಕೊರಿಯಾ 1956 ಮತ್ತು 1960ರ ಏಷ್ಯಾ ಕಪ್‌ಗಳನ್ನು ಗೆದ್ದ ತಂಡ. 1958ರ ಟೋಕಿಯೊ ಸೆಮಿಫೈನಲ್‌ನಲ್ಲಿಯೂ ಭಾರತವನ್ನು ಸೋಲಿಸಿತ್ತು. ಇನ್ನೊಂದು ಪಂದ್ಯ ಕೈತಪ್ಪಿದ್ದರೆ ತಂಡ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಅಲ್ಲಿಂದ ಥಾಯ್ಲೆಂಡನ್ನು 4–1ರಿಂದ, ಜಪಾನನ್ನು 2–0ಯಿಂದ ಸೋಲಿಸಿ ಭಾರತ ಸೆಮಿಫೈನಲ್ ತಲುಪಿತು. ನಾಯಕ ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ ಮತ್ತು ತುಳಸಿದಾಸ್ ಬಲರಾಮ್ ಎಂಬ ಮೂವರ ಮುಂಚೂಣಿಗೆ ಸರಿಸಾಟಿಯಾದುದನ್ನು ಭಾರತ ಆಮೇಲೆ ಕಂಡಿಲ್ಲ ಎಂದೇ ನನ್ನ ಎಣಿಕೆ.

ಆದರೆ ಥಾಯ್ಲೆಂಡ್ ವಿರುದ್ಧದ ಗೆಲುವಿಗೆ ದುಬಾರಿ ಬೆಲೆ ತೆರಬೇಕಾಯಿತು. ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಬೇಕಾಯಿತು. ತಲೆಗೆ ಗಾಯವಾದ ಡಿಫೆಂಡರ್ ಎದುರಾಳಿಯ ಎತ್ತರದ ಚೆಂಡುಗಳನ್ನು ಹಿಂದೆ ನಿಂತು ಪಂದ್ಯವಿಡೀ ತಲೆಯಿಂದ ಹೊಡೆದು ತಡೆಯುವುದು ಸಾಧ್ಯವಿರಲಿಲ್ಲ. ಅವರನ್ನು ಹೊರಗೆ ಕೂರಿಸುವುದೇ ಯಾರಾದರೂ ಮಾಡಬಹುದಾಗಿದ್ದ ಕೆಲಸ. ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಸೆಮಿಫೈನಲ್‌ಗೆ ಅವರನ್ನು ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕಳುಹಿಸಿದರು.

ಈ ನಿರ್ಧಾರದ ಬಗ್ಗೆ ನಾನು ಎಷ್ಟು ಸಲ ಯೋಚಿಸಿದರೂ ಬೆರಗು ತೀರುವುದಿಲ್ಲ. ರಹೀಮ್ ಹೈದರಾಬಾದಿನವರು, ವೃತ್ತಿಯಿಂದ ಶಿಕ್ಷಕರು. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ 1950ರಿಂದ ಸತತ ಐದು ರೋವರ್ಸ್ ಕಪ್‌ಗಳನ್ನು ಗೆಲ್ಲಿಸಿಕೊಟ್ಟವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ ಕೊಂಡೊಯ್ದವರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಅವರದೇ ತರಬೇತಿಯದು. ಇರಾನನ್ನು 1–0ಯಿಂದ ಸೋಲಿಸಿದ ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ‘ಪಂಚಪಾಂಡವರು’ ಎಂದು ಕರೆದ ಐವರಲ್ಲಿ ಒಬ್ಬರಾದ ಅವರನ್ನು ಅವರ ಹುಟ್ಟೂರೇ ಸಾಕಷ್ಟು ನೆನೆಯಲಿಲ್ಲ. 1962ರ ಹೊತ್ತಿಗೆ ರಹೀಮ್ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಕಾಡುತ್ತಿತ್ತು. ಅಂಥ ಸ್ಥಿತಿಯಲ್ಲಿ, ಸೋಲಿನಿಂದ ಆರಂಭವಾದ ಪಂದ್ಯಾವಳಿಯ ನಡುವೆ, ತಮ್ಮ ಅತ್ಯುತ್ತಮ ರಕ್ಷಕನನ್ನು ತಂಡದ ಇನ್ನೊಂದು ತುದಿಗೆ ಕಳುಹಿಸುವ ಧೈರ್ಯ ಅವರಿಗೆ ಬಂದದ್ದು ಆಟಗಾರರ ಸ್ವಭಾವವನ್ನೂ ಮೈಕಟ್ಟನ್ನೂ ಹತ್ತಾರು ವರ್ಷ ಹತ್ತಿರದಿಂದ ನೋಡಿದ್ದರಿಂದಲೇ ಇರಬೇಕು. ಹಿಂದಿನ ಸಾಲಿನಲ್ಲಿ ಅರುಣ್ ಘೋಷ್, ಚಂದ್ರಶೇಖರನ್ ಮತ್ತು ತ್ರಿಲೋಕ್ ಸಿಂಗ್ ಜವಾಬ್ದಾರಿ ಹೊತ್ತರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್ ಅನ್ನು ಭಾರತ 3–2ರಿಂದ ಗೆದ್ದಿತು; ಚುನಿ ಎರಡು ಗೋಲು ಹೊಡೆದರು, ಇನ್ನೊಂದು ಜರ್ನೈಲ್ ಅವರದು.

ಇಷ್ಟರಲ್ಲಿ ಮೈದಾನದ ಹೊರಗೆ ವಾತಾವರಣ ಕೆಟ್ಟಿತ್ತು. ಏಷ್ಯನ್ ಕ್ರೀಡಾಕೂಟದ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಭಾರತದ ಗುರುದತ್ತ ಸೋಂಧಿ, ಎರಡು ಸದಸ್ಯ ರಾಷ್ಟ್ರಗಳನ್ನು ಹೊರಗಿಟ್ಟು ನಡೆಸುವ ಕೂಟವನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯಬಾರದೆಂಬ ನಿಲುವು ತಳೆದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಜಕಾರ್ತಾದ ಜನರಿಗೆ ಅದು ತಮ್ಮ ದೇಶಕ್ಕೆ ಭಾರತ ಮಾಡಿದ ಅವಮಾನವಾಗಿ ಕೇಳಿಸಿತು. ಫೈನಲ್‌ನ ಹಿಂದಿನ ದಿನ, ಸೆಪ್ಟೆಂಬರ್ 3ರಂದು, ರೊಚ್ಚಿಗೆದ್ದ ಗುಂಪು ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿ ನಡೆಸಿತು. ಸೋಂಧಿ ದೇಶ ಬಿಟ್ಟು ಹೊರಡಬೇಕಾಯಿತು. ಆ ಹೇಳಿಕೆಗೂ ಆಟಗಾರರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಮರುದಿನ ಸೆನಯನ್‌ನ ಹುಲ್ಲಿನ ಮೇಲೆ ನಿಂತು ಅದಕ್ಕೆ ಉತ್ತರ ಕೊಡಬೇಕಾದವರು ಅವರೇ ಆದರು. ಹಲವು ಆಟಗಳನ್ನು ಒಂದೇ ಧ್ವಜದ ಕೆಳಗೆ ಆಡುವ ಇಂಥ ಕೂಟಗಳ ಸ್ವರೂಪವೇ ಹೀಗೆ: ಯಾರೋ ಆಡಿದ ಮಾತಿನ ಭಾರ, ಆ ದೇಶದ ಅಂಗಿ ತೊಟ್ಟ ಪ್ರತಿಯೊಬ್ಬರ ಬೆನ್ನಿಗೂ ಬೀಳುತ್ತದೆ.

ಸೆಪ್ಟೆಂಬರ್ 4ರಂದು, ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ, ಸುಮಾರು ಒಂದು ಲಕ್ಷ ಪ್ರೇಕ್ಷಕರು ಭಾರತದ ರಾಷ್ಟ್ರಗೀತೆ ಮೊಳಗುವಾಗಲೇ ಕೂಗಾಡಿ ಗೇಲಿ ಮಾಡಿದರು. ಭಾರತೀಯರ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಆ ಗದ್ದಲ ಏರುತ್ತಿತ್ತು. ಆ ಕೂಗಿನ ನಡುವೆ ಭಾರತದ ಪರವಾಗಿ ಕೇಳಿದ ದನಿ ಪಾಕಿಸ್ತಾನದ ಹಾಕಿ ಆಟಗಾರರದು. ಅದೇ ಕೂಟದ ಹಾಕಿ ಫೈನಲ್‌ನಲ್ಲಿ ಭಾರತವನ್ನು ಸೋಲಿಸಿ ಚಿನ್ನ ಪಡೆದಿದ್ದ ಅವರು ಈಗ ಗ್ಯಾಲರಿಯಲ್ಲಿ ಕುಳಿತು ಭಾರತದ ಫುಟ್‌ಬಾಲ್ ತಂಡಕ್ಕೆ ಹುರಿದುಂಬಿಸುತ್ತಿದ್ದರು. ಇದನ್ನು ಆಟಗಾರರು ಮುಂದೆ ಕೃತಜ್ಞತೆಯಿಂದ ಹೇಳಿಕೊಂಡರು. ಓದಿದಾಗ ನನ್ನ ಕಣ್ಣೂ ಒದ್ದೆಯಾಗಿತ್ತು.

ಸೆಮಿಫೈನಲ್‌ನಲ್ಲಿ ಗೋಲು ಕಾದಿದ್ದ ಪ್ರದ್ಯುತ್ ಬರ್ಮನ್ ಅವರ ಬದಲಿಗೆ, ಜ್ವರದಿಂದ ಚೇತರಿಸಿಕೊಂಡಿದ್ದ ಎತ್ತರದ ಪೀಟರ್ ತಂಗರಾಜ್ ಅವರನ್ನು ರಹೀಮ್ ಗೋಲ್‌ಕೀಪರ್ ಆಗಿ ನಿಲ್ಲಿಸಿದರು. ಜರ್ನೈಲ್ ಮತ್ತೆ ಮುಂದಿನ ಸಾಲಿನಲ್ಲೇ ಆಡಿದರು. 17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. 20ನೆಯ ನಿಮಿಷದಲ್ಲಿ, ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅದೇ ಜರ್ನೈಲ್ ಎರಡನೆಯದನ್ನು ಹೊಡೆದರು. ಕೆಲವೇ ದಿನಗಳ ಹಿಂದೆ ತಮ್ಮನ್ನು ಸೋಲಿಸಿದ ತಂಡದೆದುರು ಭಾರತ ಮೂರು ನಿಮಿಷಗಳ ಅಂತರದಲ್ಲಿ ಎರಡು ಗೋಲುಗಳ ಮುನ್ನಡೆ ಪಡೆದಿತ್ತು. ಅಲ್ಲಿಂದ ಒಂದು ಗಂಟೆಗೂ ಹೆಚ್ಚು ಕಾಲ ಆ ಮುನ್ನಡೆ ಅಲುಗಲಿಲ್ಲ. ಕೊನೆಯ ಐದು ನಿಮಿಷಗಳಿರುವಾಗ ಕೊರಿಯಾ ಒಂದು ಗೋಲು ಹಿಂದಿರುಗಿಸಿದಾಗ ಆ ಜನಸಾಗರ ಹೇಗೆ ಅಬ್ಬರಿಸಿರಬೇಕೆಂಬುದನ್ನು ಊಹಿಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪಂದ್ಯ 2–1ಕ್ಕೆ ಮುಗಿಯಿತು.

ತೈವಾನ್ ಇದ್ದಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆಯನ್ನು ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ: ಏಷ್ಯಾ ಕಪ್ಪನ್ನು ಎರಡು ಬಾರಿ ಗೆದ್ದ ತಂಡವನ್ನು, ತಟಸ್ಥವೆನ್ನಲಾಗದ ನೆಲದಲ್ಲಿ, ಮೊದಲ ಸೋಲಿನ ಲೆಕ್ಕವನ್ನೂ ತೀರಿಸಿ ಸೋಲಿಸಿದವರ ಪದಕದ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಏಷ್ಯನ್ ಕ್ರೀಡಾಕೂಟದ ಪುರುಷರ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಅದರ ನಂತರ ಬಂದದ್ದು 1970ರ ಬ್ಯಾಂಕಾಕ್ ಕಂಚು ಮಾತ್ರ. ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು: ಜಕಾರ್ತಾದಲ್ಲಿ ಆಡಿದ್ದು ದೇಶಗಳ ಪೂರ್ಣ ತಂಡಗಳು; 2002ರಿಂದ ಈಚೆಗೆ ಇದು 23 ವರ್ಷದೊಳಗಿನವರ (ಒಂದು ವರ್ಷ ಮುಂದೂಡಿದ ಹಾಂಗ್‌ಝೌನಲ್ಲಿ 24 ವರ್ಷದೊಳಗಿನವರ) ಪಂದ್ಯಾವಳಿಯಾಗಿದ್ದು, ವಯಸ್ಸು ಮೀರಿದ ಮೂವರಿಗೆ ಮಾತ್ರ ಅವಕಾಶವಿದೆ. ಹಾಂಗ್‌ಝೌನ ಸ್ಕೋರನ್ನು ಸೆನಯನ್‌ನ ಸ್ಕೋರಿನ ಪಕ್ಕದಲ್ಲಿಟ್ಟು ಆ ಹುಡುಗರನ್ನು ಹಳಿಯುವುದು ನ್ಯಾಯವಲ್ಲ.

ಪಿ.ಕೆ. ಮತ್ತು ಚುನಿ ಇಬ್ಬರೂ 2020ರಲ್ಲಿ, ಒಬ್ಬರು ಮಾರ್ಚ್‌ನಲ್ಲಿ ಇನ್ನೊಬ್ಬರು ಏಪ್ರಿಲ್‌ನಲ್ಲಿ, ತೀರಿಕೊಂಡರು. ಬಲರಾಮ್ 2023ರ ಫೆಬ್ರವರಿಯಲ್ಲಿ ಹೋದರು. ರಹೀಮ್ ಅವರಿಗೆ ಜಕಾರ್ತಾದ ನಂತರ ಉಳಿದದ್ದು ಒಂಬತ್ತು ತಿಂಗಳಷ್ಟೇ. ಫೈನಲ್‌ನ ಮುನ್ನಾದಿನ ಅವರು ತಮ್ಮ ಹುಡುಗರನ್ನು ಕರೆದು, ನಾಳೆ ನನಗೊಂದು ಉಡುಗೊರೆ ಬೇಕೆಂದು ಕೇಳಿದರಂತೆ. ಆ ಹುಡುಗರು ಮುದುಕರಾದ ಮೇಲೂ ಅದನ್ನು ನೆನೆಸಿಕೊಂಡು ಹೇಳುತ್ತಿದ್ದರು. 1963ರ ಜೂನ್ 11ರಂದು ಅವರು ತೀರಿಕೊಂಡಾಗ, ಅವರು ಕೇಳಿದ ಆ ಉಡುಗೊರೆ ಅವರ ಕೈ ಸೇರಿಯಾಗಿತ್ತು.