ಬೇಲಿಯಾಚೆಯ ಮನೆಗೆ ಎರಡು ಕಿಲೋಮೀಟರ್

ಯುಗಾದಿ ದಿನ ಒಬ್ಬಟ್ಟು ಕೊಡೋಣ ಅಂತ ಹಿಂದಿನ ಮನೆಗೆ ಹೊರಟೆ. ಅವರೂ ಕನ್ನಡದವರೇ, ಹಾಸನದ ಕಡೆಯವರು. ಅವರ ಹಿತ್ತಲು ನಮ್ಮ ಹಿತ್ತಲಿಗೆ ತಾಗಿಕೊಂಡಿದೆ. ಅವರ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋದೂ ನಮಗೆ ಕೇಳಿಸುತ್ತದೆ. ಆದರೆ ಮುಂಬಾಗಿಲು ತಲುಪಲು ಎರಡು ಕಿಲೋಮೀಟರ್ ನಡೆಯಬೇಕು! ಒಬ್ಬಟ್ಟು ತಣ್ಣಗಾಗಿತ್ತು.

ನಾವಿರುವುದು ಒರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಊರು. ನಮ್ಮ ಬೀದಿ ತುದಿಯಲ್ಲಿ ಗುಂಡಗೆ ತಿರುಗಿ ಮುಗಿದೇ ಹೋಗುತ್ತದೆ. ಇಲ್ಲಿ ಅದಕ್ಕೆ ಕಲ್-ಡಿ-ಸ್ಯಾಕ್ ಅಂತ ದೊಡ್ಡ ಹೆಸರು. ನಮ್ಮಲ್ಲಿ ಡೆಡ್ ಎಂಡ್, ಅಷ್ಟೇ.

ಹಳೇ ಪೋರ್ಟ್‌ಲ್ಯಾಂಡ್ ಹೀಗಿಲ್ಲ. ಡೌನ್‌ಟೌನ್‌ನಲ್ಲಿ ಒಂದೊಂದು ಬ್ಲಾಕ್ ಬರೀ 200 ಅಡಿ. ಅಲ್ಲಿ ಓಡಾಡುವಾಗ ನಾನು ಬೆಳೆದ ಮಲ್ಲೇಶ್ವರದ ಕ್ರಾಸು, ಮೇನುಗಳೇ ನೆನಪಾಗುತ್ತವೆ. 1898ರ ಪ್ಲೇಗ್ ಆದಮೇಲೆ ಜನ ಬಂದು ತುಂಬಿದ ಬಡಾವಣೆ ಅದು. ಒಂದು ಕ್ರಾಸ್ ಅಗೆದಿದ್ದರೆ ಪಕ್ಕದ್ದರಲ್ಲಿ ನುಗ್ಗುತ್ತಿದ್ದೆವು.

1930ರ ದಶಕದಲ್ಲಿ ಮನೆ ಸಾಲಕ್ಕೆ ವಿಮೆ ಕೊಡುತ್ತಿದ್ದ ಅಮೆರಿಕದ ಸರ್ಕಾರಿ ಇಲಾಖೆಯೇ ನಮ್ಮಂಥ ಡೆಡ್ ಎಂಡ್ ಬೀದಿ ಒಳ್ಳೇದು ಅಂದಿತು. ಕಾರುಗಳ ನುಗ್ಗಾಟ ಇಲ್ಲ, ಮಕ್ಕಳಿಗೆ ಕ್ಷೇಮ. ಬಿಲ್ಡರ್‌ಗಳು ಬಿಡ್ತಾರಾ? ಎರಡನೇ ಮಹಾಯುದ್ಧ ಮುಗಿದಮೇಲೆ ಊರು ಬೆಳೆದ ಕಡೆಯೆಲ್ಲ ಇದೇ ನಕ್ಷೆ. ಸುಳ್ಳು ಯಾಕೆ ಹೇಳಲಿ, ನನ್ನ ಮಗಳು ಸೈಕಲ್ ಕಲಿತದ್ದು ಇದೇ ಡೆಡ್ ಎಂಡ್‌ನಲ್ಲಿ. ಆದರೆ ಎಲ್ಲ ಮನೆಯ ಕಾರೂ ಬಂದು ಬೀಳುವುದು ಒಂದೇ ದೊಡ್ಡ ರಸ್ತೆಗೆ. ಬಸ್ಸು ಒಳಗೆ ಬರುವುದಿಲ್ಲ. ಒಂದು ಕಟ್ಟು ಕೊತ್ತಂಬರಿಗೂ ಕಾರು ತೆಗೆಯಬೇಕು.

ಊರು ಇದರಾಚೆ ಹಬ್ಬಬಾರದು ಅಂತ 1979ರಲ್ಲೇ ಗೆರೆ ಎಳೆದ ಜಾಗ ಇದು! ಗೆರೆಯ ಒಳಗೇ ಬೀದಿಗಳು ಹೀಗೆ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಿವೆ. ಹೊಸ ಬಡಾವಣೆಗಳಲ್ಲಿ 530 ಅಡಿಯೊಳಗೆ ಒಂದು ರಸ್ತೆ, 330 ಅಡಿಯೊಳಗೆ ಒಂದು ಕಾಲುದಾರಿ ಪಕ್ಕದ ಬೀದಿಗೆ ಸೇರಲೇಬೇಕು ಅಂತ ಆಮೇಲೆ ನಿಯಮ ಬಂತು. ಹಳೆಯದಕ್ಕೆ ಏನು ಮಾಡೋದು? ಮನೆ ಕೆಡವಿ ಕಟ್ಟಬಹುದು, ಬೀದಿ ತಿದ್ದೋದು ಕಷ್ಟ. ಮಲ್ಲೇಶ್ವರದ ಹಂಚಿನ ಮನೆಗಳು ಅಪಾರ್ಟ್‌ಮೆಂಟ್ ಆದವು, ಕ್ರಾಸುಗಳು ಇದ್ದ ಹಾಗೇ ಇವೆ.

ಮೊನ್ನೆ ತಮ್ಮ ಸರ್ಜಾಪುರದ ಕಡೆ ಕೊಂಡ ಮನೆಯ ವಿಡಿಯೋ ಕಳಿಸಿದ್ದ. ಸುತ್ತ ಗೋಡೆ, ಒಂದೇ ಗೇಟು. ಪಕ್ಕದ ಲೇಔಟಿಗೂ ಅದೇ. "ಥೇಟ್ ಬೀವರ್ಟನ್ ಕಣೋ" ಅಂದೆ. ಹೊಗಳಿದೆ ಅಂದುಕೊಂಡ.

ಬೇಲಿಗೊಂದು ಸಣ್ಣ ಗೇಟು ಇಡ್ತೀವಿ ಅಂತ ಇಲ್ಲಿನ ಕಾಲೊನಿ ಸಂಘಕ್ಕೆ ಬರೆದೆವು. ಆಗಲ್ಲ ಅಂದರು. ಈಗ ಬೇಲಿಯ ಎರಡೂ ಕಡೆ ಒಂದೊಂದು ಸ್ಟೂಲ್ ಇದೆ. ದೀಪಾವಳಿಯ ಚಕ್ಕುಲಿ ಬಂದದ್ದು ಆ ದಾರಿಯಲ್ಲೇ.