ನವೀಕರಣದ ನಡುವಿನ ತಿಂಗಳುಗಳು

ಪರದೇಶದಲ್ಲಿ ನೆಲೆಸಿ ಏಳು ವರ್ಷಗಳಾದ ಮೇಲೂ ವಿಮಾನ ನಿಲ್ದಾಣದ ಬಾಗಿಲು ದಾಟುವಾಗ ನನ್ನ ಕೈ ತಾನಾಗಿಯೇ ಕಾಗದಪತ್ರಗಳ ಕಡತವನ್ನು ತಡವಿ ನೋಡುತ್ತದೆ. ಕಳೆದ ಬಾರಿ ಆ ಕಡತದಲ್ಲಿ ನನ್ನ ಪಾಸ್‌ಪೋರ್ಟ್, ಅವಧಿ ಮುಗಿದ ವಾಸದ ಪರವಾನಗಿಯ ಕಾರ್ಡ್, ಮತ್ತು ನವೀಕರಣದ ಅರ್ಜಿ ಇತ್ಯರ್ಥವಾಗುವವರೆಗೆ ಹಳೆಯ ಕಾರ್ಡಿನ ಹಕ್ಕುಗಳೆಲ್ಲ ಮುಂದುವರಿಯುತ್ತವೆ ಎಂದು ವಲಸೆ ಕಚೇರಿ ಮೊಹರು ಒತ್ತಿ ಕೊಟ್ಟಿದ್ದ ಪತ್ರ ಇದ್ದವು. ಅಮ್ಮನ ಶಸ್ತ್ರಚಿಕಿತ್ಸೆಗೆಂದು ಹೋಗಿ, ಹನ್ನೆರಡು ದಿನ ಅವರ ಜೊತೆಗಿದ್ದು, ಕೆಲಸಕ್ಕೆ ಮರಳಬೇಕಾಗಿದ್ದ ರಾತ್ರಿ ಅದು. ಚೆಕ್-ಇನ್ ಕೌಂಟರಿನಲ್ಲಿದ್ದವರು ಕಾರ್ಡಿನ ದಿನಾಂಕವನ್ನು ನೋಡಿದರು, ಪತ್ರವನ್ನು ಹಿಂದೆ ಮುಂದೆ ತಿರುಗಿಸಿದರು, ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿದರು, ಕೊನೆಗೆ "ಇಂಥ ಪತ್ರದ ಬಗ್ಗೆ ಇಲ್ಲಿ ಏನೂ ಬರುತ್ತಿಲ್ಲ, ಬೋರ್ಡಿಂಗ್ ಪಾಸ್ ಕೊಡಲು ಆಗುವುದಿಲ್ಲ" ಎಂದರು. ಪತ್ರದಲ್ಲಿ ನನ್ನ ಹೆಸರಿನ ಭಾಗಗಳು ಪಾಸ್‌ಪೋರ್ಟಿನಲ್ಲಿರುವುದಕ್ಕಿಂತ ಹಿಂದುಮುಂದಾಗಿದ್ದುದು ಅವರ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಮೇಲಧಿಕಾರಿಯನ್ನು ಕರೆಸಿದರು, ಅವರು ಯಾರಿಗೋ ದೂರವಾಣಿ ಮಾಡಿದರು. ಆ ಹೊತ್ತಿನಲ್ಲಿ ವಲಸೆ ಕಚೇರಿ ಮುಚ್ಚಿತ್ತು. ವಿಮಾನ ನನ್ನನ್ನು ಬಿಟ್ಟು ಹೊರಟಿತು.

ಆ ಸಿಬ್ಬಂದಿಯ ಮೇಲೆ ನನಗೆ ಕೋಪವಿಲ್ಲ. ಸರಿಯಾದ ದಾಖಲೆಗಳಿಲ್ಲದವರನ್ನು ಕರೆತಂದ ವಿಮಾನಯಾನ ಸಂಸ್ಥೆಗೆ ಅನೇಕ ದೇಶಗಳು ದಂಡ ವಿಧಿಸುತ್ತವೆ, ಪ್ರವೇಶ ಸಿಗದವರನ್ನು ಆ ಸಂಸ್ಥೆಯೇ ವಾಪಸು ಕರೆದೊಯ್ಯಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟವಂತೂ 2001ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಇಂಥ ದಂಡದ ಮಟ್ಟವನ್ನೇ ಗೊತ್ತುಪಡಿಸಿತು. ಹೀಗಾಗಿ ಗಡಿ ಕಾಯುವ ಕೆಲಸದ ಒಂದು ಪಾಲು ಟಿಕೆಟ್ ನೋಡಿ ಸಾಮಾನು ತೂಗುವವರ ಹೆಗಲಿಗೆ ಬಂದಿದೆ. ಅವರ ಮುಂದಿರುವುದು ಸಾಮಾನ್ಯವಾಗಿ ಟಿಮ್ಯಾಟಿಕ್ ಎಂಬ, ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಗಳ ಒಕ್ಕೂಟವು ನಡೆಸುವ ಮಾಹಿತಿಕೋಶ. ಅದರಲ್ಲಿ ಸ್ಪಷ್ಟವಾಗಿ ಕಾಣದ ಕಾಗದವನ್ನು ಒಪ್ಪಿಕೊಂಡು ತಪ್ಪಾದರೆ ಹೊಣೆ ಅವರದು. ಒಪ್ಪದೆ ತಪ್ಪಾದರೆ ನಷ್ಟ ನನ್ನದು. ಈ ಲೆಕ್ಕದಲ್ಲಿ ಅವರು ಯಾವ ಕಡೆಗೆ ವಾಲುತ್ತಾರೆಂದು ಊಹಿಸುವುದು ಕಷ್ಟವಲ್ಲ. ನನ್ನನ್ನು ಬಲ್ಲ ವಲಸೆ ಕಚೇರಿಗೆ ಕೌಂಟರಿನಲ್ಲಿ ಜಾಗವಿಲ್ಲ, ಕೌಂಟರಿನಲ್ಲಿರುವವರಿಗೆ ನನ್ನ ಹಕ್ಕನ್ನು ತೀರ್ಮಾನಿಸುವ ಅಧಿಕಾರವಿಲ್ಲ, ಆದರೂ ತೀರ್ಮಾನ ಆಗುವುದು ಅಲ್ಲಿಯೇ.

ಭದ್ರತಾ ತಪಾಸಣೆಯೂ ನನ್ನನ್ನು ದಣಿಸುತ್ತದೆ, ಆದರೆ ಅದರ ಬಹುಪಾಲು ನಿಯಮಗಳ ಹಿಂದೆ ನಡೆದ ಘಟನೆಯೊಂದಿದೆ ಎಂಬುದನ್ನು ನಾನು ಮರೆಯುವುದಿಲ್ಲ. 2001ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಮಿಯಾಮಿಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ಬೂಟಿನೊಳಗೆ ಅಡಗಿಸಿದ್ದ ಸ್ಫೋಟಕಕ್ಕೆ ಬೆಂಕಿ ಹಚ್ಚಲು ಯತ್ನಿಸಿದ. 2006ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ದ್ರವರೂಪದ ಸ್ಫೋಟಕಗಳಿಂದ ಉಡಾಯಿಸುವ ಸಂಚು ಬ್ರಿಟನ್ನಿನಲ್ಲಿ ಬಯಲಾದ ಬಳಿಕ ಕೈಚೀಲದಲ್ಲಿ ಒಯ್ಯುವ ದ್ರವದ ಬಾಟಲಿಗಳಿಗೆ 100 ಮಿಲಿಲೀಟರಿನ ಮಿತಿ ಬಂತು. ಈಗ ಕೆಲವು ನಿಲ್ದಾಣಗಳು ಹೊಸ ಸಿ.ಟಿ. ಸ್ಕ್ಯಾನರ್‌ಗಳನ್ನು ನಂಬಿ ಈ ಮಿತಿಯನ್ನು ಸಡಿಲಿಸಿವೆ, ಉಳಿದವು ಸಡಿಲಿಸಿಲ್ಲ. ಹಾಗಾಗಿ ಹೊರಟ ಊರಿನಲ್ಲಿ ಸಲೀಸಾಗಿ ದಾಟಿದ ಲೆನ್ಸ್ ತೊಳೆಯುವ ದ್ರಾವಣದ ಬಾಟಲಿ, ನಡುವೆ ವಿಮಾನ ಬದಲಿಸುವಲ್ಲಿ ಕಸದ ಡಬ್ಬಿಗೆ ಬೀಳುತ್ತದೆ. ಬಾಟಲಿಯನ್ನು ಮತ್ತೆ ಕೊಳ್ಳಬಹುದು.

ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿಯೆಂದರೆ, ಆ ರಾತ್ರಿಯ ತೊಡಕಿಗೆ ಪರಿಹಾರ ಈಗಾಗಲೇ ಸಿದ್ಧವಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಪ್ರಯಾಣ ದಾಖಲೆಗಳಿಗಾಗಿ ರೂಪಿಸಿರುವ 9303 ಎಂಬ ಮಾನದಂಡದಲ್ಲಿ, ಕಾಗದದ ದಾಖಲೆಯ ಮೇಲೂ ಡಿಜಿಟಲ್ ಸಹಿಯಿರುವ ಬಾರ್‌ಕೋಡ್ ಮುದ್ರಿಸುವ ವಿಧಾನವನ್ನು ವಿವರಿಸಲಾಗಿದೆ. ಅಂಥದೊಂದು ಗುರುತು ನನ್ನ ಪತ್ರದ ಮೇಲಿದ್ದು, ಕೌಂಟರಿನಲ್ಲಿ ಅದನ್ನು ಓದುವ ಏರ್ಪಾಡು ಇದ್ದಿದ್ದರೆ, ಪತ್ರವನ್ನು ಕೊಟ್ಟವರು ಯಾರು, ಅದರಲ್ಲಿ ಯಾರೂ ಏನನ್ನೂ ತಿದ್ದಿಲ್ಲವೇ ಎಂಬುದನ್ನು ಅಪರಿಚಿತರೂ ಕ್ಷಣದಲ್ಲಿ ಖಚಿತಪಡಿಸಿಕೊಳ್ಳಬಹುದಿತ್ತು. ನನ್ನ ಪತ್ರದ ಮೇಲಿದ್ದುದು ಅರ್ಧ ಮಾಸಿದ ರಬ್ಬರ್ ಮೊಹರು. ನವೀಕರಣಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಕಚೇರಿಯೇ ಆ ತಿಂಗಳುಗಳಿಗೆ ಗಟ್ಟಿಯಾದ ದಾಖಲೆಯೊಂದನ್ನು ಕೊಡಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೆಂದು ನನಗೆ ಅನ್ನಿಸುವುದಿಲ್ಲ.

ಮರುದಿನ ಹೊಸ ಟಿಕೆಟ್ ಕೊಂಡು ಅದೇ ಕೌಂಟರಿಗೆ ಹೋದೆ. ಬೇರೊಬ್ಬರು ಕುಳಿತಿದ್ದರು. ಅದೇ ಕಾರ್ಡನ್ನೂ ಅದೇ ಪತ್ರವನ್ನೂ ಓದಿ, ಒಂದೂ ಪ್ರಶ್ನೆ ಕೇಳದೆ ಬೋರ್ಡಿಂಗ್ ಪಾಸ್ ಕೊಟ್ಟರು. ಇಳಿದ ಮೇಲೆ ಗಡಿಯ ಅಧಿಕಾರಿಯಂತೂ ಪತ್ರವನ್ನು ಕೇಳಲೇ ಇಲ್ಲ, ಅವರ ಕಂಪ್ಯೂಟರಿನಲ್ಲಿ ನನ್ನ ಅರ್ಜಿಯ ವಿವರ ಆಗಲೇ ಇತ್ತು.

ಹೊಸ ಕಾರ್ಡ್ ಅದಾಗಿ ಎರಡು ತಿಂಗಳಿಗೆ ಕೈಸೇರಿತು. ಅವಧಿ ಒಂದು ವರ್ಷವೆಂದು ಬರೆದಿತ್ತು. ಆ ವರ್ಷವನ್ನು ಹಳೆಯ ಕಾರ್ಡ್ ಮುಗಿದ ದಿನದಿಂದಲೇ ಎಣಿಸಿದ್ದರಿಂದ ಐದು ತಿಂಗಳು ಆಗಲೇ ಕಳೆದುಹೋಗಿದ್ದವು. ಮುಂದಿನ ನವೀಕರಣದ ಅರ್ಜಿಯನ್ನು ಈ ವಾರ ತುಂಬಲು ಕುಳಿತಿದ್ದೇನೆ.