ಔಷಧಿ ಹೊಡೆಯದ ಹಿತ್ತಲು: ಹೇನು, ಗುಲಗಂಜಿ ಹುಳು ಮತ್ತು ಇರುವೆ

ಈ ಸಲ ತರಕಾರಿಗೆ ಔಷಧಿ ಹೊಡೆಯುವುದಿಲ್ಲ ಅಂತ ಮಳೆ ಬಿಡುವ ಮೊದಲೇ ತೀರ್ಮಾನ ಮಾಡಿದ್ದೆ. ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಮೂರು ಕಡೆ ರೊಬಸ್ಟಾ ಕಾಫಿ, ಹಿತ್ತಲಲ್ಲಿ ಬಿಸಿಲು ಬೀಳುವ ಒಂದಿಷ್ಟು ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀಮೆಬದನೆ, ಕೆಸ ಬಿಟ್ಟರೆ ಬೇರೆ ಏನು ಹಾಕಿದರೂ ಕೊಳೆಯುತ್ತದೆ. ಹಾಗಾಗಿ ಅಕ್ಟೋಬರ್ ನಡುವೆ, ಕಾವೇರಿ ಸಂಕ್ರಮಣದ ಹೊತ್ತಿಗೆ ಮಡಿ ಮಾಡಿ ಬದನೆ, ಅಲಸಂದೆ, ಬೆಂಡೆ, ಹಾಗಲ ಹಾಕಿದೆ. ಅಂಚಿಗೆ ಸಬ್ಬಸಿಗೆ, ಕೊತ್ತಂಬರಿ ಎರಚಿದೆ. ಕೊಯ್ದು ಸಾರಿಗೆ ಹಾಕಲಿಕ್ಕಲ್ಲ, ಹೂ ಬಿಡಲಿ ಅಂತ.

ಹುತ್ತರಿ ಹೊತ್ತು

ಅಲಸಂದೆ ಕುಡಿಗೆ ಗಿಡದ ರಸ ಹೀರುವ ಕರಿ ಹೇನು ಹತ್ತಿತು. ಹೆಣ್ಣು ಹೇನಿಗೆ ಗಂಡು ಬೇಕಿಲ್ಲ, ಮೊಟ್ಟೆ ಇಡುವ ಕೆಲಸವೂ ಇಲ್ಲ. ನೇರ ಮರಿ ಹಾಕುತ್ತದೆ. ಅದಕ್ಕೇ ಕುಡಿಯಲ್ಲಿ ನಾಲ್ಕೈದು ಕಂಡರೆ ಸ್ವಲ್ಪ ದಿನದಲ್ಲೇ ದಂಟು ಕಾಣದ ಹಾಗೆ ಮುತ್ತಿಕೊಳ್ಳುತ್ತವೆ.

ಪಕ್ಕದ ಮನೆ ಅಕ್ಕ ನೋಡಿ, "ಬೂದಿಯಾದ್ರೂ ಎರಚಿ, ಸುಮ್ನೆ ನೋಡ್ತಾ ಇದ್ರೆ ಬಳ್ಳಿ ಉಳಿಯುತ್ತಾ?" ಅಂದರು. ಬೂದಿ ಕೆಲಸ ಮಾಡುತ್ತದೆ, ನಿಜ. ಆದರೆ ಹೇನು ತಿನ್ನಲು ಬರುವ ಹುಳುಗಳ ಮೈಮೇಲೂ ಅದೇ ಬೂದಿ ಬೀಳುತ್ತದೆ ಅಲ್ವಾ? ನಾನು ಮೊದಲು ಇರುವೆಗಳ ದಾರಿ ಕಟ್ಟಿದೆ. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆ ಸಾಲುಗಟ್ಟಿ ಹತ್ತುತ್ತದೆ. ಆ ಸಿಹಿ ಕೈತಪ್ಪಬಾರದು ಅಂತ, ಹೇನು ತಿನ್ನುವ ಗುಲಗಂಜಿ ಹುಳು (ಲೇಡಿಬರ್ಡ್) ಬಂದರೆ ಕಚ್ಚಿ ಓಡಿಸುತ್ತದೆ. ಬಳ್ಳಿಯ ಬುಡಕ್ಕೂ ಊರುಗೋಲಿಗೂ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಪಟ್ಟಿಯ ಮೇಲೆ ಮಾತ್ರ ಗ್ರೀಸ್ ಸವರಿದೆ. ನೆಲಕ್ಕೆ ತಾಗುವ ಎಲೆಗಳನ್ನು ಕತ್ತರಿಸಿದೆ. ತೀರಾ ಮುತ್ತಿಕೊಂಡ ಕುಡಿಗಳಿಗೆ ಪೈಪಿನಿಂದ ನೀರು ರಭಸವಾಗಿ ಬಿಟ್ಟೆ. ಅಷ್ಟೇ.

ಆಮೇಲೆ ಕಾಯಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಹೇನು ಜಾಸ್ತಿ ಆಗುವ ತನಕ ಅದನ್ನು ತಿನ್ನುವ ಹುಳು ಬರುವುದಿಲ್ಲ. ಮನಸ್ಸು ತಡೆಯದೆ ಈ ಮಧ್ಯದ ದಿನಗಳಲ್ಲೇ ಎಲ್ಲರೂ ಔಷಧಿ ಹೊಡೆಯುವುದು.

ಬಂದವು. ಮೊದಲು ಕೆಂಪು ಬೆನ್ನಿನ ಮೇಲೆ ಅಂಕುಡೊಂಕು ಕಪ್ಪು ಗೆರೆ ಇರುವ ಗುಲಗಂಜಿ ಹುಳು. ಎಲೆ ಅಡಿಯಲ್ಲಿ ಹಳದಿ ಮೊಟ್ಟೆಗಳ ಗುಂಪು, ಎಲ್ಲಾ ನೆಟ್ಟಗೆ ನಿಂತಿದ್ದವು. ಅದರಿಂದ ಹೊರಬರುವ ಮರಿಗೂ ದೊಡ್ಡ ಹುಳುವಿಗೂ ಹೋಲಿಕೆಯೇ ಇಲ್ಲ. ಉದ್ದನೆಯ ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲಲ್ಲಿ ಸರಸರ ಓಡಾಟ. ಹೇನು ತಿನ್ನುವುದರಲ್ಲಿ ಈ ಮರಿಯೂ ದೊಡ್ಡದಕ್ಕೆ ಕಡಿಮೆ ಇಲ್ಲ. ಇದನ್ನು ಕಂಡು ಏನೋ ಕೆಟ್ಟ ಹುಳು ಅಂತ ಹೊಸಕಬೇಡಿ, ದಯವಿಟ್ಟು.

ಹೇನುಗಳ ನಡುವೆ ಕೆಲವು ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ನಿಂತಿದ್ದವು, ಮುಟ್ಟಿದರೂ ಅಲುಗಲಿಲ್ಲ. ಲೆನ್ಸ್ ಹಿಡಿದು ನೋಡಿದರೆ ಬೆನ್ನಲ್ಲಿ ದುಂಡಗಿನ ಒಂದು ತೂತು. ಸಣ್ಣ ಪರಾವಲಂಬಿ ಕಣಜ ಹೇನಿನೊಳಗೆ ಮೊಟ್ಟೆ ಇಟ್ಟು, ಮರಿ ಒಳಗಿಂದಲೇ ತಿಂದು, ಬೆಳೆದು ಹೊರಗೆ ಹೋದ ಗುರುತು ಅದು. ಇಂಥ ಕಣಜಗಳ ಬಾಯಿ ಚಿಕ್ಕದು, ಆಳವಾದ ಹೂವಿನ ಮಕರಂದ ಎಟುಕುವುದಿಲ್ಲ. ಸಬ್ಬಸಿಗೆ, ಕೊತ್ತಂಬರಿ ಹೂವಾದರೆ ಸಲೀಸು. ಹೇನು ತಿನ್ನುವ ಮರಿಗಳನ್ನು ಹಾಕುವ ಸಿರ್ಫಿಡ್ ನೊಣಕ್ಕೂ ಇದೇ ಹೂ ಬೇಕು. ಅದಕ್ಕೇ ಆ ಎರಡು ಸಾಲು.

ಸಂಕ್ರಾಂತಿ ಕಳೆದ ಮೇಲೆ

ಬದನೆ ಎಲೆಯ ಹಸಿರೆಲ್ಲ ಕೆರೆದು ಹೋಗಿ ಬರೀ ನರದ ಬಲೆ ಉಳಿದಿತ್ತು. ಇದೂ ಗುಲಗಂಜಿ ಹುಳುವಿನ ಜಾತಿಯದೇ, ಆದರೆ ಎಲೆ ತಿನ್ನುವ ಎಪಿಲಾಕ್ನಾ ದುಂಬಿ. ಬೆನ್ನ ಮೇಲೆ 28 ಚುಕ್ಕೆ. ಎಣಿಸುತ್ತಾ ಕೂರಬೇಕಿಲ್ಲ, ಮೈ ನೋಡಿ. ಒಳ್ಳೆಯದರ ಬೆನ್ನು ಫಳಫಳ ಹೊಳೆಯುತ್ತದೆ. ಇದರದು ಮಂಕು, ಹತ್ತಿರದಿಂದ ನೋಡಿದರೆ ಸಣ್ಣ ರೋಮ. ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಬೆಳಿಗ್ಗೆ ಎಲೆ ಮಗುಚಿ ಹಿಡಿದು ಸೋಪಿನ ನೀರಿಗೆ ಹಾಕಿದೆ. ಕುಡಿ ಬಾಡಿದ ಕಡೆ ಒಳಗೆ ಕುಡಿ ಕೊರೆಯುವ ಹುಳು ಇರುತ್ತದೆ. ಅಂಥದ್ದನ್ನು ಬಾಡಿದ ಜಾಗದ ಕೆಳಗಿಂದಲೇ ಮುರಿದು ಕೋಳಿಗೆ ಕೊಟ್ಟೆ.

ಬಿಸಿಲೇರಿದಾಗ

ಬೇಲಿಯ ದಾಸವಾಳದಿಂದ ಬೆಂಡೆಗೆ ಹಿಟ್ಟು ತಿಗಣೆ ದಾಟಿತು, ಮೈಮೇಲೆ ಬಿಳಿ ಹಿಟ್ಟು ಮೆತ್ತಿದಂತಿರುವ, ಗಿಡದ ರಸ ಹೀರುವ ಕೀಟ. ಕಾಫಿಯಲ್ಲೂ ಇದರ ಕಾಟ ಈ ಕಾಲದಲ್ಲೇ. ಬೆಂಡೆಕಾಯಿ ತೊಟ್ಟಿನ ಹತ್ತಿರ ಬಿಳಿ ತಿಗಣೆ ನಡುವೆ ಒಂದು ಮಾತ್ರ ಹತ್ತಿ ಮೆತ್ತಿಕೊಂಡ ಹಾಗೆ ದಪ್ಪಗಿತ್ತು. ಕಡ್ಡಿಯಿಂದ ಮುಟ್ಟಿದೆ, ಬೇಗ ಬೇಗ ನಡೆದು ಆಚೆ ಹೋಯಿತು. ತಿಗಣೆ ಹಾಗೆ ನಡೆಯುವುದಿಲ್ಲ. ಇದು ಅದನ್ನೇ ತಿನ್ನುವ ಕ್ರಿಪ್ಟೋಲೀಮಸ್ ಗುಲಗಂಜಿ ಹುಳುವಿನ ಮರಿ! ನೋಡಿ ತುಂಬಾ ಖುಷಿಯಾಯಿತು. ಕಾಫಿಯ ಹಸಿರು ತಿಗಣೆಗೆ ಮದ್ದಾಗಲಿ ಅಂತ 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದ ಹುಳು ಇದು. ಹಸಿರು ತಿಗಣೆಯ ಮೇಲೆ ಅಷ್ಟಾಗಿ ಕೆಲಸ ಮಾಡಲಿಲ್ಲ, ಆದರೆ ಹಿಟ್ಟು ತಿಗಣೆ ತಿನ್ನುತ್ತಾ ಇಲ್ಲೇ ನೆಲೆ ನಿಂತಿತು. ಇಲ್ಲೂ ಇರುವೆ ಇದ್ದರೆ ಕೆಲಸ ಕೆಡುತ್ತದೆ, ಹಾಗಾಗಿ ಬೆಂಡೆಗೂ ಗ್ರೀಸ್ ಪಟ್ಟಿ.

ಹೂಮಳೆ ಆಯಿತು

ಕಾಫಿ ಹೂ ಬಿರಿದಿದೆ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಗಾಳಿಯ ಜೊತೆ ಜೇನೂ ತರಬೇಕು. ತೋಟದ ನಡುವಿನ ಹಿತ್ತಲಲ್ಲಿ ಈಗ ಔಷಧಿ ಹೊಡೆದರೆ ತುಡುವೆ ಜೇನಿಗೆ ಪೆಟ್ಟು, ಕಾಫಿಗೂ ನಷ್ಟ.

ಹಾಗಲಕ್ಕೆ ಹಣ್ಣು ನೊಣ ಬಂದಿದೆ. ಇದಕ್ಕೆ ಮಾತ್ರ ಮಿತ್ರಕೀಟ ನಂಬಿ ಕೂರುವ ಹಾಗಿಲ್ಲ. ವಾಸನೆಯಿಂದ ನೊಣ ಸೆಳೆಯುವ ಕ್ಯೂ ಲ್ಯೂರ್ ಡಬ್ಬ ಕಟ್ಟಿದ್ದೇನೆ, ಆದರೆ ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಕಾಯಿ ಚುಚ್ಚುವುದು ಹೆಣ್ಣು. ಅದಕ್ಕೇ ಎಳೆ ಕಾಯಿಗೆ ಪೇಪರ್ ಕೊಳವೆ ಹಾಕುತ್ತಿದ್ದೇನೆ. ಕೊಳೆತು ಬಿದ್ದ ಕಾಯನ್ನು ಅಲ್ಲೇ ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಹಾಗಾಗಿ ದಿನಾ ಹೆಕ್ಕಿ ಕಪ್ಪು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡುತ್ತೇನೆ.

ಬಳ್ಳಿ ಮುಗಿದ ಮೇಲೆ ಮಡಿ ಅಗೆದು ಕೋಳಿ ಬಿಡಬೇಕು. ಮುಂದಿನ ಸಲ ಸಬ್ಬಸಿಗೆಯನ್ನು ಅಲಸಂದೆಗಿಂತ ಸಾಕಷ್ಟು ಮೊದಲೇ ಬಿತ್ತುತ್ತೇನೆ, ಹೇನು ಹತ್ತುವಷ್ಟರಲ್ಲಿ ಹೂ ತಯಾರಿರಲಿ ಅಂತ.